ಚೌಕ ಎಣಿಸಲು ಬರುವ ಜಾಗ

ಅವರು ಕೂತು ಎದ್ದುಹೋದ ಕಡೆಯಲ್ಲೆಲ್ಲ ಮಸೂರಬೇಳೆ ಗಾತ್ರದ ರಟ್ಟಿನ ಚುಕ್ಕಿಗಳು ಬಿದ್ದಿರುತ್ತಿದ್ದವು. ಹುಬ್ಬಿನಲ್ಲಿ ಎರಡು, ಕಿವಿಯ ಮಡಿಕೆಯಲ್ಲಿ ಒಂದು, ಅಂಗಿಯ ಜೇಬಿನಲ್ಲಿ ಒಂದು ಹಿಡಿ. ಕಸ ಗುಡಿಸುವಾಗ ಚುಕ್ಕಿ ಕಂಡರೆ ಅಮ್ಮ, "ಕಾರ್ಡ್ ಮಾವ ಬಂದಿದ್ರಾ?" ಎನ್ನುತ್ತಿದ್ದಳು. ಯಾರೂ ಉತ್ತರ ಹೇಳಬೇಕಾಗಿರಲಿಲ್ಲ.

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಹೆಚ್ಚುಕಡಿಮೆ ಮನೆಗೊಂದು ಪವರ್‌ಲೂಮ್. ಮಗ್ಗವಿಲ್ಲದ ನಮ್ಮಂಥವರು ಮಗ್ಗವಿದ್ದವರ ಮನೆಗೆ ಕೂಲಿಗೆ ಹೋಗುತ್ತಿದ್ದೆವು. ಅಪ್ಪ ನೇಯುತ್ತಿದ್ದ, ಅಮ್ಮ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಮಾವ ನಮಗೆ ಸಂಬಂಧಿಯಲ್ಲ, ಬೀದಿಗೆಲ್ಲ ಮಾವ. ಅವರ ಕಸುಬು ಜಕಾರ್ಡ್ ಕಾರ್ಡು ಹೊಡೆಯುವುದು. ಮಗ್ಗದ ನೆತ್ತಿಯ ಮೇಲೆ ರಟ್ಟಿನ ಪಟ್ಟಿಗಳನ್ನು ಹೊಲಿದು ಮಾಡಿದ ಸರವೊಂದು ತೂಗಾಡುತ್ತಿರುತ್ತದೆ. ಪಟ್ಟಿಯಲ್ಲಿ ತೂತಿದ್ದ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಸುಮ್ಮನಿರುತ್ತದೆ. ಸೆರಗಿನ ನವಿಲು ಹುಟ್ಟುವುದು ಹಾಗೆ. ಮಾವ ಮೊದಲು ಗ್ರಾಫ್ ಹಾಳೆಯಲ್ಲಿ ಚೌಕ ತುಂಬಿ ನವಿಲು ಬರೆಯುವರು. ಆಮೇಲೆ ಸಾಲಿಗೊಂದು ರಟ್ಟು ಇಟ್ಟು, ಚೌಕ ಎಣಿಸಿ ಎಣಿಸಿ ತೂತು ಹೊಡೆಯುವರು. ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಎಡಗೈಯ ತೋರುಬೆರಳು ಮೇಲೇಳುತ್ತಿತ್ತು, ಅಷ್ಟೆ. "ಮನೆಗೆ ಬೆಂಕಿ ಬಿದ್ರೂ ಈ ಮನುಷ್ಯ ಸಾಲು ಮುಗ್ಸೇ ಏಳೋದು" ಎಂದು ಅತ್ತೆ ಗೊಣಗುತ್ತಿದ್ದರು.

ಅವರದೊಂದು ಹಟವಿತ್ತು. ಹೊಡೆದು ಮುಗಿಸಿದ ಕಾರ್ಡನ್ನು ಒಂದು ರಾತ್ರಿಯೂ ತಮ್ಮಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ.

"ಮಳೆ ಬರ್ತೈತೆ ಮಾವ, ನಾಳೆ ಒಯ್ತೀನಿ."

"ಗೋಣಿಚೀಲ ಹೊದ್ಸ್ಕೊಂಡು ಒಯ್ಯೋ ಲೇ. ನಿನ್ನ ಕಾರ್ಡು ನಿನ್ನ ಮನೇಲಿರ್ಬೇಕು. ನಾಳೆ ನಾನು ಸತ್ರೆ ಯಾರನ್ನ ಕೇಳ್ತೀಯ?"

ಹೀಗೆ ಬೈಸಿಕೊಂಡು ತಲೆಯ ಮೇಲೆ ರಟ್ಟಿನ ಹೊರೆ ಹೊತ್ತು ಓಡಿದವರಲ್ಲಿ, ಮಗ್ಗದ ಮಾಲೀಕರ ಪರವಾಗಿ ಹೋದ ನಮ್ಮಪ್ಪನೂ ಒಬ್ಬ.

ನಾನು ಬಿಸಿಎ ಸೇರಿದೆ. ಮೊದಲನೇ ಸೆಮಿಸ್ಟರಿನಲ್ಲೇ ಎರಡು ವಿಷಯ ಹೋದವು. ಪುಸ್ತಕ ಇಂಗ್ಲಿಷಿನಲ್ಲಿ, ಪಾಠ ಇಂಗ್ಲಿಷಿನಲ್ಲಿ, ನಾನೊಬ್ಬಳು ಕನ್ನಡದಲ್ಲಿ. ಸೊನ್ನೆ, ಒಂದರ ಲೆಕ್ಕ ತಲೆಗೆ ಹತ್ತದೆ ಜಗಲಿಯಲ್ಲಿ ಕೂತು ಅಳುತ್ತಿದ್ದಾಗ ಮಾವ ಬಂದರು. ನನ್ನ ನೋಟ್‌ಬುಕ್ಕನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಥೂ, ಇದಕ್ಕಾ ಅಳೋದು? ತೂತಿದ್ರೆ ಒಂದು, ಇಲ್ದಿದ್ರೆ ಸೊನ್ನೆ. ನಾನು ಓದಿರೋದು ಮೂರನೇ ಕ್ಲಾಸು. ನನಗೇ ಗೊತ್ತಾಯ್ತದೆ, ನಿನಗೇನಮ್ಮ ಧಾಡಿ?"

ಅವರ ಅಂಗಡಿಯ ರಟ್ಟುಗಳ ನಡುವೆ ಕೂತು ಓದಿ ಆ ಎರಡೂ ವಿಷಯ ಪಾಸು ಮಾಡಿದೆ. ಡಿಗ್ರಿ ಮುಗಿಸಿದೆ. ನಮ್ಮ ವಂಶದಲ್ಲಿ ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಊರಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಕೆಲಸವೂ ಸಿಕ್ಕಿತು.

ಅಷ್ಟರಲ್ಲಿ ಮಗ್ಗಗಳಿಗೆ ಎಲೆಕ್ಟ್ರಾನಿಕ್ ಜಕಾರ್ಡ್ ಬಂತು. ಡಿಸೈನು ಪೆನ್‌ಡ್ರೈವಿನಲ್ಲಿ ಬರತೊಡಗಿತು. ಮಾವನ ಸುತ್ತಿಗೆ ಸುಮ್ಮನಾಯಿತು. ಬೀದಿಯವರು ಮರುಕ ತೋರಿಸಲು ಹೋದರೆ ನಗುತ್ತಿದ್ದರು. "ರಟ್ಟು ಹೋಯ್ತು ಕಣ್ರಪ್ಪ. ತೂತು ಎಲ್ಲಿಗೋಯ್ತದೆ?"

ಆಮೇಲೆ ಕೆಮ್ಮು ಶುರುವಾಯಿತು. ಶ್ವಾಸಕೋಶದಲ್ಲಿ ಗಂಟಿದೆ ಎಂದರು ಡಾಕ್ಟರು. ಅದೇ ವಾರ ಒಬ್ಬ ಸೀರೆ ವ್ಯಾಪಾರಿ ಬಂದು, ಮಾವ ಜೀವಮಾನವೆಲ್ಲ ಬರೆದಿಟ್ಟ ಎರಡು ಟ್ರಂಕು ಗ್ರಾಫ್ ಹಾಳೆಗಳನ್ನು ಒಟ್ಟಿಗೇ ಕೊಳ್ಳುತ್ತೇನೆಂದ. ಮಾವ ನನಗೆ ಹೇಳಿಕಳಿಸಿದರು.

"ಕೊಟ್ರೆ ಅವನ ಬೀರು ಸೇರ್ತವೆ, ಅಷ್ಟೇಯ. ಅದ್ಯಾವುದೋ ಸೈಟು ಮಾಡ್ತಾರಂತಲ್ಲ ಫೋನ್ನಾಗೆ, ಅದ್ರಲ್ಲಿಡಮ್ಮ. ನೇಯೋನು ಯಾವನಾದ್ರೂ ಬಂದು ತಗೊಂಡೋಗ್ಲಿ. ನಾನಿರೋದ್ರೊಳ್ಗೆ ಆಗ್ಬೇಕು ನೋಡು."

ಇದಕ್ಕೆ ದೊಡ್ಡ ಸರ್ಕಸ್ಸು ಬೇಕಿರಲಿಲ್ಲ. ಲಾಗಿನ್ ಇಲ್ಲ, ವ್ಯಾಪಾರ ಇಲ್ಲ. ಕೇಳಿದವರಿಗೆ ಇದ್ದ ಹಾಳೆಯನ್ನು ಇದ್ದ ಹಾಗೆ ಕೊಟ್ಟು ಕಳಿಸಿದರೆ ಸಾಕು. ಅಂಥದಕ್ಕೆ ಸ್ಟ್ಯಾಟಿಕ್ ಸೈಟ್ ಅನ್ನುತ್ತಾರೆ. ಪುಟ ಬರೆಯುವುದು ಸುಲಭ, ಅದನ್ನು ಎಲ್ಲಿಡುವುದು ಎನ್ನುವುದೇ ಪ್ರಶ್ನೆ. ಕಾಲೇಜಿನ ಗೆಳೆಯನೊಬ್ಬ ಬೆಂಗಳೂರಿನಲ್ಲಿ ಸರ್ವರ್ ಬಾಡಿಗೆಗೆ ಹಿಡಿದಿದ್ದ. "ನನ್ ಸರ್ವರಲ್ಲಿ ಹಾಕು ಗುರು, ನಾನಿದೀನಲ್ಲ" ಎಂದ. ನನಗೆ ಅದಕ್ಕಿಂತ ಚೆಂದದ್ದು ಕಂಡಿತ್ತು. ಪುಟವನ್ನು ಬೆರಳಲ್ಲೇ ಎಳೆದು ಜೋಡಿಸುವ, ಚಿತ್ರಗಳು ತಾವಾಗಿ ಜಾರುವ ಒಂದು ಬಿಟ್ಟಿ ಜಾಗ. ಒಂದು ತಿಂಗಳು ಕೂತು ಮೊದಲ ಟ್ರಂಕಿನ ಹಾಳೆಗಳ ಫೋಟೋ ತೆಗೆದು ಏರಿಸಿದೆ. ಡಿಗ್ರಿ ಮಾಡಿದ್ದು ಇದಕ್ಕೇ ಎನ್ನುವಷ್ಟು ಹೆಮ್ಮೆಯಾಯಿತು.

ಮಾವ ನನ್ನ ಫೋನಿನ ಮೇಲೆ ಭೂತಗನ್ನಡಿ ಹಿಡಿದು ನೋಡಿದರು. ನೋಡಿದರು, ನೋಡಿದರು. ಹೇಗಿದೆ ಎಂದು ನಾನು ಕೇಳಿದರೂ ಬೆರಳು ಮೇಲೇಳಲೇ ಇಲ್ಲ.

"ಚೌಕ ಕಲಸೋಗೈತಲ್ಲಮ್ಮ. ಎಣಿಸೋಕಾಗಲ್ಲ. ಇದು ಸೀರೆ ಉಡೋರು ನೋಡೋಕೆ ಸರಿ. ನೇಯೋನು ಏನ್ಮಾಡ್ಬೇಕು?"

"ಆ ಸೈಟಿನವರು ಫೋಟೋನ ಸ್ವಲ್ಪ ಕುಗ್ಗಿಸ್ತಾರೆ ಮಾವ, ಬೇಗ ತೆರ್ಕೊಳ್ಳಲಿ ಅಂತ."

"ನಾಳೆ ಇವರ ಸವಾಸ ಬ್ಯಾಡ ಅಂತ ಹೊರಟ್ರೆ, ನಮ್ಮ ಕಾರ್ಡು ನಮಗೆ ಕೊಡ್ತಾರಾ?"

"ಮಾವ, ಇದೆಲ್ಲ ನಿಮಗೆ ಅರ್ಥ ಆಗಲ್ಲ ಬಿಡಿ" ಎಂದುಬಿಟ್ಟೆ. ಓದಿದವಳ ಸೊಕ್ಕು ಅದು.

ಅವರು ಬೇಸರಪಡಲಿಲ್ಲ. ನೀರು ಕುಡಿದು ಒಂದು ಸಂಗತಿ ಹೇಳಿದರು. ಮದುವೆ ಗೊತ್ತಾದಾಗ ಹೆಂಡತಿಗೆಂದು ಗಿಳಿಯ ಅಂಚಿನ ಡಿಸೈನು ಬರೆದು, ಕಾರ್ಡು ಹೊಡೆದು, ಹಾಳೆಯನ್ನೂ ಕಾರ್ಡನ್ನೂ ಆಗ ತಾವು ಕೂಲಿಗೆ ನೇಯುತ್ತಿದ್ದ ಮಾಲೀಕರ ಶೆಡ್ಡಿನಲ್ಲೇ ಇಟ್ಟಿದ್ದರಂತೆ. ಯಾವುದೋ ಮಾತಿಗೆ ಜಗಳವಾಗಿ ಮಾಲೀಕರು ಶೆಡ್ಡಿಗೆ ಬೀಗ ಹಾಕಿದರು. "ನಿಮ್ಮತ್ತೆ ಧಾರೆಗೆ ಉಟ್ಟಿದ್ದು ಅಂಗಡಿ ಸೀರೆ. ಆಮೇಲೆ ನೆನಪಿನ ಮ್ಯಾಲೆ ಎಷ್ಟು ಸಲ ಬರ್ದೆ. ಆ ಕೊಕ್ಕು ಇವತ್ತಿಗೂ ಬಂದಿಲ್ಲ."

ಮನೆಗೆ ಬಂದು ಆ ಬಿಟ್ಟಿ ಜಾಗವನ್ನು ಮೂಲೆಮೂಲೆ ಹುಡುಕಿದೆ. ಒಳಗೆ ಹಾಕಲು ಹತ್ತು ಬಟನ್ ಇದ್ದವು, ಎಲ್ಲವನ್ನೂ ಹೊರಗೆ ತೆಗೆಯಲು ಒಂದೂ ಇರಲಿಲ್ಲ. ಗೆಳೆಯನಿಗೆ ಫೋನು ಮಾಡಿ, "ನೀನು ಬಾಡಿಗೆ ಕಟ್ಟೋದು ನಿಲ್ಲಿಸಿದ್ರೆ?" ಎಂದೆ. "ಅದ್ಯಾಕೆ ಈಗ್ಲೇ ಅಪಶಕುನ ನುಡೀತೀಯ?" ಎಂದು ನಕ್ಕ. ಅದು ಉತ್ತರವಲ್ಲ.

ಕೊನೆಗೆ ಆರಿಸಿದ್ದು ಯಾರೂ ಚೆಂದ ಅನ್ನದ ಜಾಗ. ಕೊಟ್ಟ ಕಡತವನ್ನು ಮುಟ್ಟದೆ, ಕುಗ್ಗಿಸದೆ ಇಟ್ಟುಕೊಳ್ಳುತ್ತದೆ. ಇಡೀ ಗಂಟು ನನ್ನ ಕಂಪ್ಯೂಟರಿನಲ್ಲೂ ಇರುತ್ತದೆ. ಅದನ್ನು ನಡೆಸುವ ಕಂಪನಿ ನಾಳೆ ಬಾಗಿಲು ಹಾಕಿದರೆ ಸಂಜೆಯೊಳಗೆ ಬೇರೆ ಕಡೆ ಹೊತ್ತೊಯ್ಯಬಹುದು. ಸೈಟಿನ ವಿಳಾಸವೂ ನಮ್ಮದೇ, ಗಂಟಿನ ಜೊತೆಗೆ ಬರುತ್ತದೆ. ಬೋಳು ಪುಟ, ಹಾಳೆಗಳ ಪಟ್ಟಿ, ಕೆಳಗೆ ನನ್ನ ನಂಬರು. ಮಾವನ ಹೆಸರು ಹಾಕುತ್ತೇನೆಂದರೆ ಒಪ್ಪಲಿಲ್ಲ. "ನನ್ನ ಹೆಸ್ರು ತಗೊಂಡು ನೇಯ್ತಾರಾ? ಡಿಸೈನಿನ ಹೆಸ್ರು ಹಾಕು, ಸಾಕು."

ಭಾನುವಾರಗಳಲ್ಲಿ ಶಾಲೆಯ ಸ್ಕ್ಯಾನರಿನ ಮುಂದೆ ಕೂತು ಮೊದಲಿಂದ ಶುರುಮಾಡಿದೆ. ಮಾವ ಮಂಚದಲ್ಲಿ ಒರಗಿ ಹಾಳೆಗಳಿಗೆ ನಂಬರು ಬರೆದುಕೊಡುತ್ತಿದ್ದರು. ಮೊದಲ ಟ್ರಂಕು ಮುಗಿದ ದಿನ ಪಕ್ಕದ ಮನೆಯ ನೇಕಾರನ ಹಳೇ ಫೋನು ತರಿಸಿ, ಅದರಲ್ಲೇ ತೋರಿಸು ಎಂದರು. ಪುಟ ತೆರೆಯಿತು. ಹಿಗ್ಗಿಸಿ ಕೊಟ್ಟೆ. ತುಟಿ ಅಲ್ಲಾಡಿಸುತ್ತ ಎಣಿಸತೊಡಗಿದರು. ಅತ್ತೆ ಗಂಜಿ ತಂದು ಏನೋ ಕೇಳಿದರು. ಎಡಗೈಯ ಬೆರಳು ಮೇಲೆದ್ದಿತು. ಸಾಲು ಮುಗಿಸಿ, "ಐತೆ" ಎಂದರು. ನನಗೆ ಅದು ಡಿಗ್ರಿಗಿಂತ ದೊಡ್ಡದು.

ಆಮೇಲೆ ದಿನಾ ಒಂದೇ ಪ್ರಶ್ನೆ. "ಯಾರಾದ್ರೂ ತಗೊಂಡ್ರಾ?"

"ಇನ್ನೂ ಇಲ್ಲ ಮಾವ."

ಸುಳ್ಳು ಹೇಳಬಹುದಿತ್ತು. ಅವರ ಮುಂದೆ ಬಾಯಿ ಬರಲಿಲ್ಲ. "ಇರ್ಲಿ ಬಿಡು. ಅಂಗಡಿ ತೆಗ್ದ ದಿನವೇ ಗಿರಾಕಿ ಬತ್ತಾರಾ?" ಎಂದು ಅವರೇ ನನಗೆ ಸಮಾಧಾನ ಹೇಳುತ್ತಿದ್ದರು. ಎರಡನೇ ಟ್ರಂಕು ಅರ್ಧ ಆಗಿದ್ದಾಗ, ಒಂದು ಬೆಳಿಗ್ಗೆ ಮಗ್ಗಗಳು ಶುರುವಾಗುವ ಹೊತ್ತಿಗೆ ಹೋಗಿಬಿಟ್ಟರು. ಯಾರೂ ತೆಗೆದುಕೊಂಡಿರಲಿಲ್ಲ. ಬೀದಿಯವರು ಸಂಜೆಯತನಕ ಮಗ್ಗ ನಿಲ್ಲಿಸಿದರು.

ಉಳಿದರ್ಧವನ್ನು ನಾನೇ ನಂಬರು ಹಾಕಿ ಏರಿಸಿದೆ. ಟ್ರಂಕುಗಳನ್ನು ಅತ್ತೆ ನಮ್ಮ ಮನೆಗೇ ಕಳಿಸಿದ್ದರು.

ಕೆಲವು ತಿಂಗಳ ಮೇಲೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಹೆಂಗಸಿನ ದನಿ, ಬಡಗಣ ಸೀಮೆಯ ಮಾತು, ಹಿಂದೆ ಮಗ್ಗದ ಸದ್ದು.

"ಅಕ್ಕಾರ, ನಿಮ್ಮ ಹಂಸದ ಅಂಚು ಇಳಿಸ್ಕೊಂಡೇನ್ರಿ. ನೂರಾ ಹದಿನೇಳನೇ ಸಾಲಿನ್ಯಾಗ ಒಂದು ಚೌಕ ಜಾಸ್ತಿ ಐತಿ. ಅದು ತಪ್ಪೋ, ಹಂಗ ಇರಬೇಕೋ?"

ಫೋನು ಹಿಡಿದುಕೊಂಡೇ ಟ್ರಂಕು ತೆರೆದೆ. ಮೂಲ ಹಾಳೆ ತೆಗೆದು ಒಂದು ಸಲ ಎಣಿಸಿದೆ, ಮತ್ತೆ ಎಣಿಸಿದೆ. ಒಂದು ಚೌಕ ಹೆಚ್ಚೇ ಇತ್ತು, ಪಕ್ಕದ ಹಂಸದಲ್ಲಿ ಅದಿರಲಿಲ್ಲ. ಅವರದೇ ಪೆನ್ಸಿಲು, ಅವರದೇ ಕೈ.

"ತಪ್ಪೇ ಕಣಮ್ಮ. ಅದೊಂದು ಬಿಟ್ಟು ನೇಯಿರಿ."

"ಡಿಸೈನ್ ಬರ್ದವ್ರಿಗೆ ಒಂದು ಮಾತು ಹೇಳಿಬಿಡ್ರಿ ಅಕ್ಕಾರ. ತಪ್ಪು ತಗದ್ಳು ಅಂತ ಸಿಟ್ಟಾಗಬ್ಯಾಡ್ರಿ ಅಂತ."

"ಹೇಳ್ತೀನಿ" ಎಂದೆ.