ಅತ್ತೆಯ ಮನೆಯಲ್ಲಿ ಅಕ್ಕಿ ಮುಗಿಯುವುದಿಲ್ಲ

ತಮಿಳುನಾಡಿನ ಪಲ್ಲಡಂನಲ್ಲಿರುವ ನನ್ನ ಅತ್ತೆಯ, ಅಂದರೆ ಅಪ್ಪನ ಅಕ್ಕನ ಮನೆಯಲ್ಲಿ ಅಕ್ಕಿ ಎಂದೂ ಮುಗಿಯುವುದಿಲ್ಲ, ಹೆಚ್ಚುತ್ತದೆ. ಡಬ್ಬದ ತಳ ಕಂಡ ದಿನ, “ಅಕ್ಕಿ ಹೆಚ್ಚಿತು ಅಮ್ಮಣಿ, ಅಂಗಡಿಗೆ ಹೋಗ್ಬಾ” ಅನ್ನುತ್ತಾಳೆ. ಹೆಚ್ಚಿದ್ದರೆ ಅಂಗಡಿಗೆ ಯಾಕೆ ಅಂತ ಚಿಕ್ಕಂದಿನಲ್ಲಿ ಕೇಳಿ ತಲೆಗೆ ಮೊಟಕಿಸಿಕೊಂಡಿದ್ದೇನೆ. ಅಲ್ಲಿ ಬಳೆ ಒಡೆದರೂ ಹೆಚ್ಚಿತು ಅಂತಲೇ. ದೀಪ ಹಚ್ಚಿದ ಮೇಲೆ ಉಪ್ಪಿಗೆ ‘ರುಚಿ’ ಅನ್ನಬೇಕು, ಹಾವಿಗೆ ‘ಹುಳ’. ದೀಪವನ್ನಂತೂ ಆರಿಸುವ ಹಾಗೇ ಇಲ್ಲ, ‘ದೊಡ್ಡದು’ ಮಾಡಬೇಕು. ಕೆಟ್ಟ ಮಾತಾಡಿದರೆ ಕೇಡು ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತದಂತೆ.

ಇದೆಲ್ಲ ಅತ್ತೆಯ ಹುಚ್ಚು ಅಂದುಕೊಂಡಿದ್ದೆ. ಮನೆಮಾತು ಕನ್ನಡವಾದರೂ ನಾನಿರುವುದು ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ, ಹಗಲೆಲ್ಲ ತಮಿಳು. ಓವರ್‌ಟೈಮ್ ಇದ್ದ ಒಂದು ಸಂಜೆ ಊಟಕ್ಕೆ ಕೂತಾಗ ಬಾಯಿತಪ್ಪಿ ಕನ್ನಡದಲ್ಲೇ “ಸ್ವಲ್ಪ ರುಚಿ ಕೊಡಿ” ಅಂದೆ. ಪಕ್ಕದಲ್ಲಿದ್ದ ಹಾಸನದ ಕಡೆಯ ಹೆಂಗಸು ತುತ್ತು ಬಿಟ್ಟು, “ಅಯ್ಯೋ, ನಮ್ಮಜ್ಜೀನೂ ಹಿಂಗೇ ಅನ್ನೋರು!” ಅಂದಳು. ಎಲ್ಲಿಯ ಹಾಸನ, ಎಲ್ಲಿಯ ಪಲ್ಲಡಂ! ನನಗೆ ಕುಣಿಯುವಷ್ಟು ಖುಷಿಯಾಯಿತು. ಕನ್ನಡ ಅಕ್ಷರ ಕಲಿತದ್ದೂ ಆಮೇಲೆ ಅವಳಿಂದಲೇ. ಇಂಥ ಮಾತು ಹೆಕ್ಕುವ ಚಟ ಅಲ್ಲಿಂದ ಅಂಟಿಕೊಂಡಿತು.

ಭಾನುವಾರ ಬಂದರೆ ಅತ್ತೆಯ ಪ್ರಾಣ ತಿನ್ನುವುದೇ ಕೆಲಸ.

“ಕುಂಕುಮ ಚೆಲ್ಲಿದ್ರೆ ಏನಂತೀಯ ಅತ್ತೆ?”

“ಪೈತ್ಯ ಹಿಡಿದಿದೆಯಾ ನಿಂಗೆ? ಚೆಲ್ಲಿದಾಗ ಬಾ, ಹೇಳ್ತೀನಿ.”

ಅವಳ ಹತ್ತಿರ ಮಾತು ಕೇಳಿದರೆ ಸಿಗದು, ಆ ಗಳಿಗೆ ಬರಬೇಕು. “ಹಂಗಾದ್ರೆ ನಿನ್ನ ಮಗ್ಗ ನಿಂತ್ರೆ?” ಅಂತ ಒಮ್ಮೆ ಕೇಳಿಬಿಟ್ಟೆ. ಆ ದಿನ ಅತ್ತೆ ನನಗೆ ಕಾಫಿಯನ್ನೇ ಕೊಡಲಿಲ್ಲ.

ಬೀದಿಯೆಲ್ಲ ಪವರ್‌ಲೂಮ್ ಗಡಗಡ ಅನ್ನುವಾಗ ಕೈಮಗ್ಗ ಉಳಿದಿದ್ದುದು ಅವಳೊಬ್ಬಳದೇ. ಮಾವ ತೀರಿಕೊಂಡ ಮೇಲೆ ಅವಳನ್ನು ನೆಟ್ಟಗೆ ಕೂರಿಸಿದ್ದೂ ಅದೇ. ಈ ವರ್ಷ ಮಂಡಿ ಊದಿ, ಇನ್ನು ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಗುಂಡಿಗೆ ಇಳಿಯಲೇಬಾರದು ಅಂದರು ಡಾಕ್ಟರು. ಮಗ್ಗದ ಮೇಲೆ ಹಾಸಿನಲ್ಲಿದ್ದ ಒಂದು ಸೀರೆ ನೇಯ್ದು ಇಳಿಸಿ, ಆಮೇಲೆ ಬಿಡುತ್ತೇನೆ ಅಂತ ಹಟ ಹಿಡಿದಳು. ಸೀರೆ ಇಳಿಯುವ ದಿನ ರಜೆ ಹಾಕಿ ಹೋದೆ. ಅವಳ ಮೇಲಿನ ಅಕ್ಕರೆ ಇತ್ತು, ಮಗ್ಗ ನಿಂತಾಗ ಏನನ್ನುತ್ತಾಳೋ ಎಂಬ ಕುತೂಹಲವೂ ಇತ್ತು.

ಮಧ್ಯಾಹ್ನದ ಹೊತ್ತಿಗೆ ಕೊನೆಯ ಎಳೆ ಬಡಿದು, ಲಾಳಿಯನ್ನು ಮಡಿಲಲ್ಲಿಟ್ಟುಕೊಂಡಳು.

“ಮುಗೀತು,” ಅಂದಳು. “ಕತ್ತರಿಸು.”

ಖಾಲಿ ಡಬ್ಬದ ಮುಂದೆ ನಿಂತಾಗಲೂ ಆ ಬಾಯಿಂದ ಬಾರದ ಮಾತು ಅದು. ಕತ್ತರಿ ಕೈಯಲ್ಲಿತ್ತು, ಕೈ ಮಾತ್ರ ಏಳಲಿಲ್ಲ. ಇದಕ್ಕಾಗಿಯೇ ಕಾದಿದ್ದೆನಲ್ಲ, ಈಗ ಬೇಡವೇ ಬೇಡ ಅನ್ನಿಸಿತು.

“ಹಂಗನ್ಬೇಡ ಅತ್ತೆ,” ಅಂದೆ. “ದೊಡ್ಡದು ಮಾಡ್ಲಾ?”

ಅತ್ತೆ ತಲೆಯೆತ್ತಿದಳು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

“ಕಳ್ಳಿ! ನನ್ನ ಮಾತು ನಂಗೇ ಹೇಳಿಕೊಡ್ತೀಯಾ?”

ಎಳೆಗಳ ಮೇಲೆ ಒಮ್ಮೆ ಅಂಗೈ ಆಡಿಸಿದಳು.

“ಆಗ್ಲಿ ಅಮ್ಮಣಿ. ದೊಡ್ಡದು ಮಾಡು.”

ಕತ್ತರಿಸಿದೆ. ಗುಂಡಿಯಿಂದ ಎಬ್ಬಿಸು ಅಂತ ಅತ್ತೆ ಎರಡೂ ಕೈ ನನ್ನ ಕಡೆ ಚಾಚಿದಳು.