ಮಾವನ ಕಾಗದದ ನಾಲ್ಕು ತೂತು

ಚರಿತ್ರೆಯನ್ನು ಅನ್ನದ ಅಗುಳಲ್ಲಿ ಅಂಟಿಸಿದವರು ನಿಮ್ಮಲ್ಲಿ ಯಾರಾದ್ರೂ ಉಂಟಾ? ನಾನು ಅಂಟಿಸಿದ್ದೇನೆ. ಕುಚ್ಚಲಕ್ಕಿಯದ್ದು ಒಳ್ಳೆ ಹಿಡೀತದೆ. ಇಷ್ಟು ವರ್ಷ ಆದ್ರೂ ಬಿಡ್ಲಿಲ್ಲ.

ನಿನ್ನೆ ನನ್ನ ಮೊಮ್ಮಗಳು ಶ್ರಾವ್ಯ ಟ್ರಂಕಿನಿಂದ ಒಂದು ಹಳೇ ಕಾಗದ ತೆಗೆದಳು. ಅವಳು ಚರಿತ್ರೆಯಲ್ಲಿ ಎಂಎ ಮಾಡ್ತಾ ಇದ್ದಾಳೆ. ನನಗೆ ಫೋನಿನಲ್ಲಿ ಟೈಪ್ ಮಾಡ್ಲಿಕ್ಕೆ ಕಲಿಸಿದವಳೂ ಅವಳೇ, ಇಲ್ಲಿ ತಪ್ಪಿದ್ರೆ ಅವಳನ್ನು ಕೇಳಿ. ಆ ಕಾಗದ, ಬ್ರಿಟಿಷರ ಸೈನ್ಯ ಸೇರಿ ಬರ್ಮಾದ ಯುದ್ಧಕ್ಕೆ ಹೋದ ನನ್ನ ಸಂಜೀವ ಮಾವ ಬರೆದದ್ದು. ಅವಳ ಪ್ರಾಜೆಕ್ಟಿಗೆ ಅದೇ ಮುಖ್ಯ ಆಧಾರ ಅಂತೆ, ಸೋಮವಾರ ಕೊಡ್ಲಿಕ್ಕುಂಟು. ಬರೆದದ್ದನ್ನು ಓದಿ ಹೇಳಿದಳು: ಸಿಪಾಯಿಗಳಿಗೆ ದಿನಾ ಬಂಗುಡೆ ಮೀನಿನ ಸಾರು ಸಿಗ್ತಿತ್ತು, ಇದು ಯಾವ ಪುಸ್ತಕದಲ್ಲೂ ಇಲ್ಲದ ವಿಷಯ. ಪುಸ್ತಕದಲ್ಲಿ ಹೇಗೆ ಇರ್ತದೆ ಮಾರಾಯ್ರೇ, ಬರೆದದ್ದು ನಾನು.

ಆಗ ನಮ್ಮ ಮನೆ ಕುಲಶೇಖರದಲ್ಲಿ. ಸ್ವಾತಂತ್ರ್ಯ ಬಂದು ಎಂಟೊಂಬತ್ತು ವರ್ಷ ಆಗಿರ್ಬೇಕು, ನನಗೆ ಹತ್ತೋ ಹನ್ನೊಂದೋ. ಯುದ್ಧಕ್ಕೆ ಹೋದ ಮಾವ ಬರ್ಲಿಲ್ಲ, ಬಂದದ್ದು ಆ ಒಂದೇ ಕಾಗದ. ಅದನ್ನೂ ಸೈನ್ಯದವರು ದಾರಿಯಲ್ಲೇ ಒಡೆದು ಓದಿ, ಅವರಿಗೆ ಬೇಡದ್ದನ್ನು ಬ್ಲೇಡಿನಲ್ಲಿ ಕತ್ತರಿಸಿ ಕಳಿಸಿದ್ದು. ನಾಲ್ಕು ತೂತು.

ಶಾಲೆಯಲ್ಲಿ ಮಾಸ್ಟ್ರು ಪ್ರಜಾಪ್ರಭುತ್ವದ ಪಾಠ ಮಾಡ್ತಾ, ಸರ್ವಾಧಿಕಾರಿ ಜನರ ಕಾಗದ ಒಡೆದು ನೋಡ್ತಾನೆ ಅಂದ್ರು. ನಾನು ಎದ್ದು, ನಮ್ಮ ಮಾವನ ಕಾಗದ ಕತ್ತರಿಸಿದ್ದು ಸರ್ವಾಧಿಕಾರಿಯ ಮೇಲೆ ಯುದ್ಧಕ್ಕೆ ಹೋದವರೇ ಅಲ್ವಾ ಅಂತ ಕೇಳಿದೆ. ಕೂತ್ಕೊ ಅಂದ್ರು. ಕೂತೆ. ಪ್ರಜಾಪ್ರಭುತ್ವ ಅವತ್ತಿಗೆ ಅಷ್ಟೇ.

ಮಾವನ ತಾಯಿ, ಅಂದ್ರೆ ನನ್ನ ಅಜ್ಜಿಗೆ, ಓದ್ಲಿಕ್ಕೆ ಬರ್ತಿರ್ಲಿಲ್ಲ. ದಿನಾ ಊಟಕ್ಕೆ ಕೂತಾಗ ನಾನು ಓದ್ಬೇಕು, ಅವರು ಕಾಗದದ ಮೇಲೆ ಬೆರಳು ಆಡಿಸ್ತಾ ಕೇಳ್ಬೇಕು. ತೂತು ಬಂದ ಕೂಡ್ಲೆ ಬೆರಳು ನಿಲ್ತಿತ್ತು.

"ಮಗಾ, ಇಲ್ಲಿ ಎಂತ ಇತ್ತು? ಊಟದ್ದು ಇತ್ತಾ?"

ಗೊತ್ತಿಲ್ಲ ಅಂದ್ರೆ ಬಟ್ಟಲು ದೂಡಿ ಎದ್ದು ಹೋಗ್ತಿದ್ರು.

ಒಂದು ದಿನ ನನಗೆ ಸಾಕಾಯ್ತು. ಹಿಂದಿನಿಂದ ಕಾಗದದ ತುಂಡು ಅಂಟಿಸಿ, ಮಾವನ ಅಕ್ಷರದ ಹಾಗೆಯೇ ವಾಲಿಸಿ ಬರೆದೆ: ದಿನಾ ಬಂಗುಡೆ ಸಾರು ಉಂಟು, ಹೊಟ್ಟೆ ತುಂಬ ಊಟ ಉಂಟು, ಅಮ್ಮ ನೀವೂ ಸರಿ ಊಟ ಮಾಡಿ. ನಾಲ್ಕನೇ ತೂತಿಗೆ ಎಂತದ್ದೂ ಹೊಳೆಯದೆ, ನಮ್ಮ ನಾಯಿಯನ್ನು ಕೇಳಿದೆನೆಂದು ಹೇಳಿ ಅಂತ ಹಾಕಿದೆ. ಅಜ್ಜಿಯ ಬೆರಳು ಎಲ್ಲೂ ನಿಲ್ಲದೆ ಕೊನೆವರೆಗೆ ಹೋಯ್ತು. ತೂತು ಎಲ್ಲಿ ಹೋಯ್ತು ಅಂತ ಅವರು ಕೇಳ್ಲಿಲ್ಲ. ಅವತ್ತು ಎರಡು ಸಲ ಬಡಿಸಿಕೊಂಡ್ರು.

ನಿನ್ನೆ ಬಾಯಿ ಮುಚ್ಚಿ ಕೂತಿದ್ರೆ ಶ್ರಾವ್ಯಳಿಗೆ ಒಳ್ಳೆ ಮಾರ್ಕು ಸಿಗ್ತಿತ್ತು. ಆದ್ರೆ ನನ್ನ ಬಂಗುಡೆ ಸಾರು ಯುನಿವರ್ಸಿಟಿಗೆ ಹೊರಟದ್ದು ನೋಡಿ ಗಂಟಲಲ್ಲಿ ಮುಳ್ಳು ಸಿಕ್ಕಿದ ಹಾಗಾಯ್ತು. ಹೇಳಿಬಿಟ್ಟೆ. ಅವಳು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನಾಲ್ಕು ಕಡೆ ದಪ್ಪ ಕಂಡಿತು. ಆಮೇಲೆ ಮುಖ ಊದಿಸಿಕೊಂಡು ಕಂಪ್ಯೂಟರ್ ತೆರೆದು ಕೂತಳು.

ನಾನೇ ಮಾತು ಶುರು ಮಾಡಿದೆ. ಕತ್ತರಿಸಿದ ಸರ್ಕಾರಕ್ಕೆ ಯಾರೂ ಒಂದು ಮಾತು ಹೇಳ್ಲಿಲ್ಲ, ಒಂದು ಮುದುಕಿಗೆ ಊಟ ಮಾಡಿಸಿದ ನನಗೆ ಯಾಕೆ ಈ ಮುಖ ಅಂತ ಕೇಳಿದೆ.

ಶ್ರಾವ್ಯ ಪ್ರಾಜೆಕ್ಟಿನ ಆ ಪುಟ ಅಳಿಸ್ತಾ ಹೇಳಿದಳು, "ಅಜ್ಜಿ, ಕತ್ತರಿಸಿದವರಾದ್ರೂ ತೂತು ಬಿಟ್ಟಿದ್ರು. ನೀವು ಅದನ್ನೂ ಮುಚ್ಚಿದ್ರಿ."