ಆಯಿಯ ಹೆಸರು
ನಮ್ಮ ಲಕಮನಹಳ್ಳಿಯ ಓಣಿಗೆಲ್ಲ ಆಕೆ ಆಯಿ, ವಯಸ್ಸು ನೂರಾ ಎಂಟು. ಕಟ್ಟೆಯ ಮೇಲೆ ಕೂತು ಎಂಬತ್ತೈದರ ಮಗನಿಗೆ, "ಬಿಸಲಾಗ ಅಡ್ಡಾಡಬ್ಯಾಡೋ, ಕರ್ರಗಾಗ್ತಿ" ಎನ್ನುತ್ತಾಳೆ. ಎಪ್ಪತ್ತೆಂಟರ ಸೊಸೆ ಈಗಲೂ ಹಾಲು ಉಕ್ಕಿಸಿ ಬೈಸಿಕೊಳ್ಳುವ ಹೊಸ ಸೊಸೆ. "ನಮ್ಮ ಕಾಲಕ್ಕ ಅತ್ತಿ ಕೂಸು, ಸೊಸಿ ಕೂಸು ಒಂದ ತೊಟ್ಲಾಗ ಮಲಗತಿದ್ವು" ಎಂದು ಆಯಿ ನೆನೆದಾಗಲೆಲ್ಲ ಮೊಮ್ಮಗನ ಸೊಸೆ ಭಾಗ್ಯಶ್ರೀ, "ನಿಮ್ಮನ್ನ ನೋಡಿದ್ರ ನನಗಿನ್ನೂ ಭಾಳ ಟೈಮ್ ಐತ್ರಿ ಆಯಿ" ಎಂದು ನಗುತ್ತಲೇ ನಲವತ್ತು ಮುಟ್ಟಿದಳು. ಹೋದ ವರ್ಷ ಅವಳಿಗೆ ಹೆಣ್ಣು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಆಯಿ ಹಟ ಹಿಡಿದಳು: ಕೂಸಿಗೆ ತನ್ನ ಹೆಸರೇ ಇಡಬೇಕು. ಮನೆಯವರು ಬೆಚ್ಚಿದರು. ಹಿರಿಯರ ಹೆಸರು ಇಡುವುದು ಅವರು ತೀರಿಕೊಂಡ ಮೇಲೆ. "ಯವ್ವಾ, ನೀ ಇನ್ನೂ ಗಟ್ಟಿ ಅದಿಯಲ್ಲ" ಎಂದ ಮಗ. "ಅದಕ್ಕ ಹೇಳಾಕತ್ತೇನಿ. ಹೆಸರು ಹಿಡದು ನನ್ನ ಕರಿಯೋರೆಲ್ಲಾ ಹೋಗಿ ಮೂವತ್ತು ವರ್ಷಾತು. ಈ ಮನ್ಯಾಗ ಅದನ್ನ ಯಾರರ ಕೂಗೂದು ನಾ ಕೇಳಬೇಕು." ಇಟ್ಟರು. ಈಗ ಒಳಗಿಂದ ಭಾಗ್ಯಶ್ರೀ "ನೀಲಾ" ಎಂದು ಕೂಗಿದರೆ, ಕೂಸು ತಿರುಗಿ ನೋಡುವ ಮೊದಲೇ ಕಟ್ಟೆಯ ಮೇಲಿಂದ ಉತ್ತರ ಬರುತ್ತದೆ: "ಬಂದ್ನಿ ಯವ್ವಾ."